ದಾರಿ ಬಿಡದ ಸಂಜೆ

ಊಟದ ಮೇಜಿನ ಮೇಲೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ಬಿಳಿಯ ಗಾಲ್ಫ್ ಚೆಂಡುಗಳು ಒಣಗುತ್ತಿದ್ದವು. ಒಂದೊಂದರ ಮೇಲೂ ಉಗುರುಬಣ್ಣದ ಕೆಂಪು ಚುಕ್ಕೆ. ಅದು ನನ್ನಕ್ಕ ಇಂದುಮತಿಯ ಗುರುತು.

ನಮ್ಮೂರಿನ ಗಾಲ್ಫ್ ಮೈದಾನ ಸಾರ್ವಜನಿಕರದ್ದು; ಗೇಟಿನ ಫಲಕದಲ್ಲಿ ಹಾಗೆಂದೇ ಬರೆದಿತ್ತು. ಚೆಂಡು ಇಳಿಸಬೇಕಾದ ಹದಿನೆಂಟು ಕುಳಿಗಳ ನಡುವೆ ತೇಗ, ಮತ್ತಿ ಮರಗಳ ದಟ್ಟ ಕಾಡು. ಫಲಕದಲ್ಲಿ ಬರೆಯದ ಪದ್ಧತಿಯೊಂದೂ ಅಲ್ಲಿತ್ತು: ಹಿಂದೆ ಗಂಡಸರ ತಂಡ ಬಂದರೆ ಹೆಂಗಸರು ಬದಿಗೆ ಸರಿಯಬೇಕು. ನಿಧಾನವಾಗಿ ಆಡುವವರು ವೇಗದವರಿಗೆ ದಾರಿ ಬಿಡುವುದು ಸೌಜನ್ಯ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಯಾರೂ ವೇಗವನ್ನು ನೋಡುತ್ತಿರಲಿಲ್ಲ, ಸೀರೆಯನ್ನು ನೋಡುತ್ತಿದ್ದರು. ತಂಡ ತಂಡಕ್ಕೂ ಮರದಡಿ ನಿಂತು ನಿಂತು, ಕೊನೆಯ ಕುಳಿ ಮುಟ್ಟುವ ಮೊದಲೇ ಗೇಟು ಮುಚ್ಚುವ ಗಂಟೆಯಾಗುತ್ತಿತ್ತು. ನಾನೂ ಜೊತೆಗಿರುತ್ತಿದ್ದೆ; ಎಷ್ಟೋ ವರ್ಷ ಆಡಿಯೂ ಅಕ್ಕ ಒಮ್ಮೆಯೂ ಆಟ ಮುಗಿಸಿರಲಿಲ್ಲ.

ಈಗ ಅವಳ ಮೊಣಕಾಲು ಸವೆದಿತ್ತು. ಇನ್ನು ಏರು ಹತ್ತಕೂಡದೆಂದು ಡಾಕ್ಟರು ಹೇಳಿದ್ದರು. "ಒಂದೇ ಒಂದು ಸಲ ಪೂರ್ತಿ ಆಡಿ ಬಿಟ್ಟುಬಿಡ್ತೀನಿ ಕಣೇ," ಎಂದಳು.

ನಾನು ಭೌತಶಾಸ್ತ್ರ ಓದಿದವಳು. ಇಡೀ ಮೈದಾನದ ನಕ್ಷೆ ಬರೆದೆ: ಗಾಳಿ ಎಲ್ಲಿ ತಿರುಗುತ್ತದೆ, ನೆಲ ಎಲ್ಲಿ ಕಾಡಿನ ಕಡೆ ಇಳಿಯುತ್ತದೆ. ಯೋಜನೆಯ ತಿರುಳು ಒಂದೇ. ಚೆಂಡು ಮರಗಳೊಳಗೆ ಹೋಗಬಾರದು. ಹುಡುಕುತ್ತ ನಿಂತರೆ ಹಿಂದಿನವರು ಬಂದುಬಿಡುತ್ತಾರೆ.

"ಇಲ್ಲಿ ಜೋರಾಗಿ ಬೀಸಬೇಡ. ಎರಡು ಸಣ್ಣ ಹೊಡೆತ ಸಾಕು."

"ನಿನ್ನ ಮದುವೆಗೂ ಇಷ್ಟು ಲೆಕ್ಕ ಹಾಕಿರ್ಲಿಲ್ವಲ್ಲೇ."

"ಹಾಕಿದ್ರೆ ಆಗ್ತಾನೇ ಇರ್ಲಿಲ್ಲ, ಬಿಡು."

ಆಟದ ದಿನ ನಕ್ಷೆ ಕೈಕೊಡಲಿಲ್ಲ. ಕೊನೆಯ ಕುಳಿಯ ದಾರಿಗೆ ಬಂದಾಗ ಸೂರ್ಯ ಇನ್ನೂ ಮರಗಳ ತುದಿಯಲ್ಲಿದ್ದ. ಆದರೆ ಅಲ್ಲಿ ಅಕ್ಕನ ಚೆಂಡು ಬೇರಿಗೆ ಬಡಿದು ತೇಗದ ತರಗೆಲೆಗಳೊಳಗೆ ನುಗ್ಗಿತು. ಹುಡುಕುತ್ತಿರುವಾಗಲೇ ಹಿಂದಿನಿಂದ ಇನ್ನೊಂದು ಚೆಂಡೂ ಅಲ್ಲಿಗೇ ಬಂದು ಬಿತ್ತು.

"ಏನಮ್ಮಾ, ಸ್ವಲ್ಪ ದಾರಿ ಬಿಡಿ," ಎನ್ನುತ್ತ ಮೈದಾನದ ಕಾರ್ಯದರ್ಶಿ ಚಂದ್ರಮೌಳಿ ಗೆಳೆಯರೊಂದಿಗೆ ಬಂದರು. ಅಭ್ಯಾಸಬಲದಿಂದ ಸರಿದೆವು. ಅವರು ಎಲೆಗಳನ್ನು ಬೂಟಿನಿಂದ ಕೆದಕಿ, "ಸಿಕ್ತು!" ಎಂದು ಕೂಗಿ, ಹೊಡೆದು, ಏರಿನ ಮೇಲೆ ಹೋಗಿ ಚೆಂಡನ್ನು ಕುಳಿಗೆ ಇಳಿಸಿಯೂಬಿಟ್ಟರು.

ಅಷ್ಟರಲ್ಲಿ ಅಕ್ಕನಿಗೂ ಒಂದು ಚೆಂಡು ಸಿಕ್ಕಿತು. ಅದರ ಮೇಲೆ ಚುಕ್ಕೆ ಇರಲಿಲ್ಲ.

ಅವಳು ಕುಂಟುತ್ತ ಏರು ಹತ್ತಿದಳು. "ಸಾರ್, ಕುಳಿಯಲ್ಲಿರೋ ಚೆಂಡು ಸ್ವಲ್ಪ ತೋರಿಸಿ."

ಕೆಂಪು ಚುಕ್ಕೆ ಮೇಲಾಗಿ ಅದು ಅವರ ಅಂಗೈಯಲ್ಲಿ ಕುಳಿತಿತ್ತು.

"ಅಯ್ಯೋ, ಎರಡೂ ಬಿಳೀನೇ ತಾನೇ! ಇದೂ ನೀವೇ ಇಟ್ಕೊಳ್ಳಿ, ಅದೂ ಇಟ್ಕೊಳ್ಳಿ," ಎಂದರು. ಗೆಳೆಯರು ನಕ್ಕರು.

ನನ್ನ ಮೈ ಉರಿದುಹೋಯಿತು. "ನಮ್ಮ ಚೆಂಡನ್ನೇ ಹೊಡ್ಕೊಂಡು ಹೋಗಿ ನಮಗೇ ದಾನ ಮಾಡ್ತೀರಾ? ಇದೇನು ನಿಮ್ಮ ಮನೆ ಹಿತ್ತಲಾ?"

ಅಕ್ಕ ನನ್ನ ತೋಳು ಹಿಡಿದಳು. "ನಿಯಮದ ಪ್ರಕಾರ ಇದು ಮೊದಲು ಎಲ್ಲಿತ್ತೋ ಅಲ್ಲಿಂದಲೇ ನಾನು ಆಡಬೇಕು. ನಿಮ್ಮ ಚೆಂಡನ್ನ ನೀವೂ ಅದು ಬಿದ್ದ ಕಡೆಯಿಂದಲೇ ಆಡಬೇಕು, ಸಾರ್. ಆದ್ರೆ ಮುಂದೆ ಇದ್ದೋರು ನಾವು. ನಮ್ಮದು ಮುಗೀಲಿ."

ಗೇಟಿನ ಗಂಟೆ ಹೊಡೆಯಿತು.

"ಗಂಟೆ ಕೇಳಿಸ್ಲಿಲ್ವೇನಮ್ಮಾ?"

"ಇಷ್ಟು ವರ್ಷ ಅದನ್ನೇ ಕೇಳಿದೀನಿ," ಎಂದು ಅಕ್ಕ ಇಳಿಜಾರಿನತ್ತ ತಿರುಗಿದಳು.

ಅವರ ಹೊಡೆತಕ್ಕೆ ಮಣ್ಣು ಕಿತ್ತುಬಂದಿದ್ದ ಜಾಗದಲ್ಲಿ ಅವಳು ಚೆಂಡಿಟ್ಟಳು. ಗೊಣಗುತ್ತ, ಗಡಿಯಾರ ನೋಡುತ್ತ, ಗಂಡಸರು ಒಬ್ಬೊಬ್ಬರಾಗಿ ನಾವು ಸದಾ ಸರಿಯುತ್ತಿದ್ದಂತೆ ಮತ್ತಿಮರದಡಿಗೆ ಸರಿದರು. ಅಕ್ಕ ಅವಸರಪಡಲಿಲ್ಲ. ಎರಡು ಸಣ್ಣ ಹೊಡೆತಗಳಲ್ಲಿ ಚೆಂಡು ಮೇಲಿನ ಹುಲ್ಲುಹಾಸಿಗೆ ಬಂತು.

ಮುಸ್ಸಂಜೆಯಲ್ಲಿ ಕಣ್ಣಿಗೆ ಕೆಂಪು ಬಣ್ಣ ಮೊದಲು ಮಾಸುತ್ತದೆ, ಬಿಳಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಚುಕ್ಕೆ ಕಾಣಿಸುತ್ತಿರಲಿಲ್ಲ. ಆದರೂ ಕುಳಿಯತ್ತ ಮೆಲ್ಲಗೆ ಉರುಳುತ್ತಿದ್ದ ಆ ಬಿಳುಪು ಯಾರದೆಂದು ಮರದಡಿ ನಿಂತ ಪ್ರತಿಯೊಬ್ಬರಿಗೂ ಗೊತ್ತಿತ್ತು.