ಊದಬಾರದ ಹಾಡು

“ಬಾಯಿಂದ ತೆಗಿಯೋ ಅದನ್ನ, ಬೋಳಿಮಗನೆ” ಎನ್ನುತ್ತ ಸಿನಿಮಾ ಕಂಪನಿಯವನು ಮಾವನ ಟ್ರಂಪೆಟ್‌ಗೆ ಕೈ ಹಾಕಿ ಎಳೆದ. ಮಾವ ಇನ್ನೂ ಊದುತ್ತಲೇ ಇದ್ದ. ಹಿತ್ತಾಳೆ ಹಲ್ಲಿಗೆ ಬಡಿದು ತುಟಿ ಒಡೆಯಿತು. ಮದುವೆ ಛತ್ರದ ಬಾಗಿಲಲ್ಲಿ ಕುಣಿಯುತ್ತಿದ್ದವರು ಹಾಗೇ ನಿಂತರು. ಮಾವನ ಹಿಂದೆಯೇ ದೊಡ್ಡ ಡ್ರಮ್ ಬಾರಿಸುತ್ತಿದ್ದ ನನ್ನ ಕೈಯೂ ನಿಂತಿತು.

ನಾವು ಊದುತ್ತಿದ್ದದ್ದು ಕಂಪನಿಯ ಸಿನಿಮಾ ಹಾಡಂತೆ. ಇನ್ನು ಮುಂದೆ ಅದನ್ನು ಬೀದಿಯಲ್ಲಿ ಊದಬೇಕಾದರೂ ಕಂಪನಿಯ ಪರವಾನಗಿ ಬೇಕಂತೆ, ಕಾನೂನೇ ಹಾಗಂತೆ. ಜೊತೆಗೆ ಬಂದಿದ್ದ ಪೊಲೀಸಿನವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಅದೇ ಹಾಡು ಬೇಕೆಂದು ಪಟ್ಟು ಹಿಡಿದಿದ್ದ ಮದುವೆ ಯಜಮಾನರು, ಇವರು ಏನು ಊದುತ್ತಾರೋ ತಮಗೇನು ಗೊತ್ತು ಎಂದು ಕೈಕೊಡವಿ ಒಳಗೆ ಹೋದರು. ಕಂಪನಿಯವರು ನಮ್ಮ ವಾದ್ಯಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೋದರು.

ಬಿಡಿಸಿಕೊಳ್ಳಲು ಮಾರನೆಯ ದಿನ ಕಂಪನಿಯ ಆಫೀಸಿಗೆ ಹೋದೆವು. ಮುಂಬಾಗಿಲು ನಮ್ಮಂಥವರಿಗಲ್ಲ ಎಂದು ಹಿಂದಿನ ಮೆಟ್ಟಿಲ ಬಳಿ ನಿಲ್ಲಿಸಿದರು. ಅದೇ ಮೆಟ್ಟಿಲು ಒರೆಸುವ ಕೆಲಸ ಅತ್ತೆಯದು, ಮಾವನ ಹೆಂಡತಿಯದು. ಬಕೆಟ್ ಹಿಡಿದು ಮೂಲೆಯಲ್ಲಿದ್ದವಳು ನಮ್ಮನ್ನು ಕಂಡರೂ ಗುರುತು ತೋರಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಇಳಿದು ಬಂದ ಸಾಹೇಬ ಫೋನಿನಿಂದ ಕಣ್ಣು ಕೀಳದೆಯೇ ಮಾತಾಡಿದ. ಮಾವ ತಡವರಿಸುತ್ತ ಒಂದು ಸಂಗತಿ ಹೇಳಿದ. ಆ ಹಾಡು ರೆಕಾರ್ಡ್ ಆದಾಗ ಟ್ರಂಪೆಟ್ ಊದಿದ್ದು ತಾನೇ, ಅವರ ಸ್ಟುಡಿಯೋದಲ್ಲೇ, ಒಂದು ದಿನದ ಕೂಲಿಗೆ. ನಮ್ಮ ವಠಾರದಲ್ಲಿ ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಸಾಹೇಬ ನಕ್ಕ. “ಊದಿದ್ದು ನೀನೇ ಇರಬಹುದಪ್ಪ. ಮನೆ ಕಟ್ಟಿದ ಗಾರೆಯವನು ಬಂದು ಮನೆ ನಂದು ಅಂತಾನಾ?”

“ಅವನಿಗೆ ಆ ಬೀದೀಲಿ ನಡೀಬೇಡ ಅಂತ ಯಾರೂ ಅನ್ನಲ್ವಲ್ಲ, ಸ್ವಾಮಿ” ಎಂದ ಮಾವ.

ಸಾಹೇಬನ ಮುಖ ಗಂಟಿಕ್ಕಿತು. ನಮ್ಮನ್ನು ಆಚೆ ದಬ್ಬಿಸಿದ. ಆಮೇಲೆ ಅತ್ತೆಯ ಕಡೆ ತಿರುಗಿ, ಇವರು ನಿಂತಿದ್ದ ಜಾಗಕ್ಕೆ ಫಿನಾಯಿಲ್ ಹಾಕಿ ಒರೆಸು ಎಂದ. ಗಂಡ ನಿಂತಿದ್ದ ಜಾಗವನ್ನು ಅತ್ತೆ ತಲೆ ಎತ್ತದೆ ಒರೆಸಿದಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಕಳಚುವುದಕ್ಕೂ ಮೊದಲು ಟಿವಿಯ ವೈರು ಕಿತ್ತಳು. ಅದರಲ್ಲಿ ಬರುತ್ತಿದ್ದದ್ದು ಅದೇ ಕಂಪನಿಯ ಚಾನೆಲ್ಲುಗಳು. “ನಮ್ಮ ಬಾಯಿ ಕಟ್ಟಿದೋರಿಗೆ ನಮ್ಮ ಕಿವಿ ಯಾಕೆ ಕೊಡಬೇಕು?” ಎಂದಳು. ಅದನ್ನೇ ವಠಾರದ ಒಂದೊಂದು ಬಾಗಿಲಿಗೂ ಹೋಗಿ ಹೇಳಿದಳು. ಅವರ ಚಾನೆಲ್ ಬೇಡ, ಅವರ ಸಿನಿಮಾ ಬೇಡ, ಫೋನಿನಲ್ಲಿ ಅವರ ಹಾಡೂ ಬೇಡ. ಮೊದಲು ನಕ್ಕರು. ಆಮೇಲೆ ಕ್ಷೌರದಂಗಡಿಯವನು ಟಿವಿ ಇಳಿಸಿದ, ದರ್ಜಿ ಹೆಂಗಸರು ಮಷಿನ್ ಪಕ್ಕದ ರೇಡಿಯೋ ಆರಿಸಿದರು. ಪುಸ್ತಕದ ಹಾಳೆ ಜೆರಾಕ್ಸ್ ಮಾಡಿಸಿ ಇದೇ ಕಾನೂನಿಗೆ ಸಿಕ್ಕಿಬಿದ್ದಿದ್ದ ಕಾಲೇಜು ಹುಡುಗಿಯರು ಬಂದು ಕೇಳಿಕೊಂಡು ಹೋದರು. ಮಾತು ಬೇರೆ ಬೀದಿಗಳಿಗೂ ಹಬ್ಬಿತು. ಎಲ್ಲರೂ ಗಟ್ಟಿಯಾಗಿದ್ದರು ಎಂದರೆ ಸುಳ್ಳಾದೀತು. ನನ್ನ ಹೆಂಡತಿಯೇ ಧಾರಾವಾಹಿಗೆಂದು ತಂಗಿಯ ಮನೆಗೆ ಹೋಗಿಬರುತ್ತಿದ್ದಳು. ನಾನು ಕಂಡೂ ಕಾಣದ ಹಾಗಿದ್ದೆ.

ಸುದ್ದಿ ಕಂಪನಿಗೆ ಮುಟ್ಟಿ ಅತ್ತೆಯ ಕೆಲಸ ಹೋಯಿತು. ವಾದ್ಯವಿಲ್ಲದ ಮಾವ ನನ್ನ ಜೊತೆ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಲು ಬಂದ. ಊದಿ ಊದಿ ಸವೆದ ಎದೆ, ನಾಲ್ಕು ಮೂಟೆಗೇ ಏದುಸಿರು.

ಅಷ್ಟರಲ್ಲಿ ಕಂಪನಿಯ ಹೊಸ ಸಿನಿಮಾ ಬಿಡುಗಡೆಗೆ ಬಂತು. ಸಾಹೇಬ ತಾನೇ ವಠಾರಕ್ಕೆ ಬಂದು, ನಮ್ಮ ಒಂದೇ ಕುರ್ಚಿಯಲ್ಲಿ ಕೂತು, ಮಾವನನ್ನು ‘ಅಣ್ಣಾ’ ಎಂದ. ಬಿಡುಗಡೆಯ ದಿನ ಟಾಕೀಸಿನ ಮುಂದೆ ನಮ್ಮ ಬ್ಯಾಂಡು ಆ ಹಳೇ ಹಾಡನ್ನು ಊದಬೇಕು, ಜಗಳ ಮುಗಿಯಿತೆಂದು ಕ್ಯಾಮೆರಾದವರಿಗೆ ಕಾಣಬೇಕು. ಹಾಗಾದರೆ ವಾದ್ಯವೂ ವಾಪಸ್ಸು, ಅತ್ತೆಯ ಕೆಲಸವೂ ವಾಪಸ್ಸು. ಮಾವ ಆಗಲಿ ಎಂದುಬಿಟ್ಟ. ಅತ್ತೆ ಆ ರಾತ್ರಿ ಚಾಪೆ ಸುತ್ತಿಕೊಂಡು ಹೊರಗೆ ಹೋಗಿ ಮಲಗಿದಳು. ಮುದುಕ ಸೋತ ಎಂದುಕೊಂಡೆ ನಾನೂ.

ಟಾಕೀಸಿನ ಗೇಟಿನಲ್ಲಿ ವಾದ್ಯಗಳನ್ನು ಕೈಗೆ ಕೊಟ್ಟರು. ಕ್ಯೂ ರಸ್ತೆಯವರೆಗೂ ಇತ್ತು. ಅತ್ತೆ ಎದುರಿನ ಫುಟ್‌ಪಾತಿನಲ್ಲಿ ಬಂದು ನಿಂತಿದ್ದಳು. ಕ್ಯಾಮೆರಾ ಎತ್ತಿದರು. ಮಾವ ಟ್ರಂಪೆಟ್ಟನ್ನು ತುಟಿಯವರೆಗೂ ಒಯ್ದು ಕೆಳಗಿಳಿಸಿದ.

“ಈ ಹಾಡು ನಂದಲ್ವಂತೆ” ಎಂದ ಕ್ಯೂ ಕಡೆ ನೋಡುತ್ತ. “ನಿಮ್ದೂ ಅಲ್ಲ. ಕಾಸು ಕೊಟ್ಟು ಒಳಗೆ ಹೋಗಿ ಕೇಳಿ, ಆಮೇಲೆ ಬಾಯಿ ಮುಚ್ಕೊಂಡು ಮನೆಗೆ ಹೋಗಿ. ಸ್ನಾನ ಮಾಡುವಾಗಲೂ ಗುನುಗಬೇಡಿ, ವ್ಯಾನ್ ತಗೊಂಡು ಬಂದುಬಿಡ್ತಾರೆ.”

ಕೆಲವರು ನಕ್ಕರು. ಒಂದಷ್ಟು ಜನ ಕ್ಯೂ ಬಿಟ್ಟು ಈಚೆ ಬಂದರು. ಉಳಿದವರು, ಅವರೇ ಹೆಚ್ಚು, ನೆಲ ನೋಡುತ್ತ ಒಳಗೆ ಹೋದರು. ಸಾಹೇಬ ಹಲ್ಲು ಕಚ್ಚಿ, “ಸೂಳೆಮಗನೆ, ಮುಗೀತು ನಿನ್ನ ಕಥೆ” ಎಂದ. ಗೇಟಿನ ಕಾವಲಿನವರು ಮಾವನ ಕೊರಳಪಟ್ಟಿ ಹಿಡಿದು ಟ್ರಂಪೆಟ್ ಕಿತ್ತುಕೊಂಡರು. ಈ ಸಲ ಮಾವ ಬಿಗಿ ಹಿಡಿಯಲಿಲ್ಲ.

ಅವರು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಡ್ರಮ್ಮನ್ನು ಗೇಟಿಗೆ ಅಡ್ಡಲಾಗಿ ಮಲಗಿಸಿ ಅದರ ಮೇಲೆ ಕೂತಿದ್ದೆ. ಅತ್ತೆ ರಸ್ತೆ ದಾಟಿ ಬಂದು ಮಾವನನ್ನು ನನ್ನ ಪಕ್ಕಕ್ಕೆ ಕೂರಿಸಿ, ತಾನು ನೆಲದ ಮೇಲೆ ಕಾಲು ಚಾಚಿ ಕೂತಳು. ಕ್ಯೂ ಬಿಟ್ಟು ಬಂದವರಲ್ಲಿ ಒಬ್ಬಿಬ್ಬರು ಅವಳ ಹಿಂದೆ ಕೂತರು. ಕಾವಲಿನವರು ಲಾಠಿ ತರಲು ಒಳಗೆ ಹೋದರು. ತಡವಾಗಿ ಹೊರಟ ಜನ ಆಟಕ್ಕೆ ಇನ್ನೂ ಬರುತ್ತಲೇ ಇದ್ದರು. ನಮ್ಮನ್ನು ದಾಟಿ ಹೋಗುವುದೋ ಬೇಡವೋ ತಿಳಿಯದೆ, ಟಿಕೆಟ್ ಹಿಡಿದು ನಿಂತಿದ್ದರು.