ವಾರಗಿತ್ತಿಯ ಒಲೆ

ಕಬ್ಬಿಣದ ಒಲೆಯನ್ನು ಹೊತ್ತವರು ಅಂಗಳದ ನಟ್ಟನಡುವೆ, ಪ್ಲಮ್ ಮರದ ಕೆಳಗೆ ಅದನ್ನು ಇಳಿಸಿ ಸುಧಾರಿಸಿಕೊಳ್ಳಲು ನಿಂತರು. ರಾಸಿಮ್ ಬೆನ್ನು ನೆಟ್ಟಗೆ ಮಾಡಿಕೊಂಡು, ಆಚೆ ಮನೆಯ ಹೊಸ್ತಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ನೋಡಿದ.

“ಏನತ್ತಿಗೆ, ಅಣ್ಣನ್ನೂ ಒಳಗೆ ಕೂರಿಸಿ ಕಳಿಸ್ತಿದ್ದೀರಾ? ಇಷ್ಟು ಭಾರ ಇದೆ.”

“ನಿಮ್ಮಣ್ಣ ಇಲ್ಲೇ ಇದ್ದಾನೆ ನೋಡು. ಕೈ ಹಚ್ಚೋದೊಂದು ಬಿಟ್ಟು ಬಾಕಿ ಎಲ್ಲಾ ಮಾಡ್ತಿದ್ದಾನೆ,” ಎಂದಳು ಹಸ್ನಿಯಾ. ಅವಳ ಗಂಡ ಸೆಯಾದ್ ಸೊಂಟಕ್ಕೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತು, ಎಡಕ್ಕೆ ಹಿಡೀರಿ, ಬಲಕ್ಕೆ ಬಾಗಿಸಿ ಎಂದು ಬೆಳಗಿನಿಂದ ಅಪ್ಪಣೆ ಕೊಡುತ್ತಿದ್ದ. ಹೊರಲು ಬಂದಿದ್ದ ನೆರೆಯವರಿಬ್ಬರೂ ನಕ್ಕರು. ಬೂದಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿಂದೆ ಬರುತ್ತಿದ್ದ ರಾಸಿಮನ ಹೆಂಡತಿ ಜುಮ್ರೆತಾ ಮಾತ್ರ ನಗಲಿಲ್ಲ. ಅತ್ತಿಗೆ ಮೈದುನರಿಗೆ ತಮಾಷೆ ಮಾಡಲು ಒಂದು ಹಳೆಯ ಒಲೆಯೂ ಆಗಬೇಕೇ ಎಂದು ಅವಳಿಗೆ ಅನ್ನಿಸಿತು.

“ನಿಂತಿದ್ದು ಸಾಕು, ಹೊರಿ,” ಎಂದಳು ಗಂಡನಿಗೆ. “ಮಳೆ ಬರೋ ಹಾಗಿದೆ.”

ಮೋಡ ಇದ್ದದ್ದು ಆಕಾಶದಲ್ಲಲ್ಲ ಎಂದು ರಾಸಿಮನಿಗೆ ಗೊತ್ತಿತ್ತು. ಬಗ್ಗಿ ಒಲೆಯ ಮೂಲೆ ಹಿಡಿದ.

ಈ ಒಲೆಗಾಗಿ ಜುಮ್ರೆತಾ ಎಷ್ಟು ಕಾಲ ಹೊಟ್ಟೆ ಉರಿದುಕೊಂಡಿದ್ದಳು ಎಂದರೆ, ಅಷ್ಟು ಕಾಲ ಆ ಒಲೆಯೂ ಉರಿದಿರಲಿಕ್ಕಿಲ್ಲ. ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಎದುರುಬದುರಾಗಿ ಮನೆ ಕಟ್ಟಿಸಿಕೊಂಡಿದ್ದರು. ಒಂದೇ ನಕ್ಷೆ, ಆದರೆ ಅಡುಗೆಮನೆಗಳು ಒಂದಕ್ಕೊಂದು ಮುಖ ಮಾಡಿರಲಿ ಎಂದು ಒಂದನ್ನು ಇನ್ನೊಂದರ ಕನ್ನಡಿಯ ಬಿಂಬದ ಹಾಗೆ ತಿರುಗಿಸಿ ಕಟ್ಟಿದ್ದರು. ವಾರಗಿತ್ತಿಯರು ಕಿಟಕಿಯಿಂದಲೇ ಉಪ್ಪು, ಸುದ್ದಿ ಕೇಳಿಕೊಳ್ಳಲಿ ಎಂಬುದು ಮಾವನ ಆಸೆಯಾಗಿತ್ತು. ಜುಮ್ರೆತಾಳಿಗೆ ಆ ಕಿಟಕಿಯಿಂದ ಕಾಣುತ್ತಿದ್ದುದು ಗಂಡನ ಕಾಲುಚೀಲ.

ರಾಸಿಮ್ ನದಿಯಾಚೆಯ ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಬೆಟ್ಟ ಹತ್ತಿ ಬಂದವನು ಮೊದಲು ಅಣ್ಣನ ಮನೆಗೆ ನುಗ್ಗುತ್ತಿದ್ದ. ಒದ್ದೆ ಬೂಟು ಕಳಚಿ, ಕಾಲುಚೀಲ ತೆಗೆದು, ಹಸ್ನಿಯಾಳ ಒಲೆಯ ಸುತ್ತ ಇದ್ದ ಹಿತ್ತಾಳೆ ಕಂಬಿಗೆ ನೇತುಹಾಕಿ, ಬರಿಗಾಲನ್ನು ಒಲೆಯ ಬಾಯಿಗೆ ಚಾಚಿ ಕಾಫಿ ಕುಡಿಯುತ್ತಿದ್ದ. ಅದೆಲ್ಲ ಆದ ಮೇಲೆ, ಬೆಚ್ಚಗಿನ ಕಾಲುಚೀಲ ಹಾಕಿಕೊಂಡು ಹೆಂಡತಿಯ ಬಳಿಗೆ. ಅಣ್ಣನೂ ಅಲ್ಲೇ ಇರುತ್ತಿದ್ದ, ಕದ್ದು ಮಾಡುವಂಥದ್ದು ಅಲ್ಲೇನೂ ಇರಲಿಲ್ಲ. ಇದ್ದಿದ್ದರೆ ಜುಮ್ರೆತಾಳಿಗೆ ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು. ಇನ್ನೊಬ್ಬಳ ಒಲೆಯ ಮೇಲೆ ಗಂಡನ ಕಾಲುಚೀಲ ಒಣಗುತ್ತದೆ ಎಂದು ಯಾರ ಹತ್ತಿರ ದೂರು ಹೇಳುವುದು?

ಅವಳ ಒಲೆಗೆ ಏನಾಗಿತ್ತು? ಏನೂ ಆಗಿರಲಿಲ್ಲ. ನಮ್ಮ ಕಡೆ ಹೆಣ್ಣಿನ ಅಚ್ಚುಕಟ್ಟನ್ನು ಒಲೆಯ ಮೇಲಿನ ಕಬ್ಬಿಣದ ಹಾಸು ನೋಡಿ ಅಳೆಯುತ್ತಾರೆ. ಜುಮ್ರೆತಾ ಬೆಳಗ್ಗೆ ಎದ್ದವಳೇ ಉಪ್ಪುಕಾಗದ ಹಿಡಿದು ಅದನ್ನು ಮುಖ ಕಾಣುವ ಹಾಗೆ ಉಜ್ಜುತ್ತಿದ್ದಳು. ಹಸ್ನಿಯಾಳ ಒಲೆಯ ಹಾಸು ಕಪ್ಪಾಗಿತ್ತು. ಪ್ಲಮ್ ಪಾಕ ಉಕ್ಕಿದ ಕಲೆ, ಹಾಲು ಸೀದ ಕಲೆ, ದೊಣ್ಣೆಮೆಣಸು ಸುಟ್ಟ ಕಲೆ. ಆದರೂ ಜನ ಅಲ್ಲಿಗೇ ಹೋಗುತ್ತಿದ್ದರು. ಒಲೆಯ ಒಳಗೂಡಿನಲ್ಲಿಟ್ಟು ಬೇಯಿಸುವ ದಪ್ಪ ರೊಟ್ಟಿಯೂ ಅಲ್ಲೇ ಚೆನ್ನಾಗಿ ಉಬ್ಬುತ್ತಿತ್ತು. ಕೊನೆಗೆ ಅವಳು, ಇದೆಲ್ಲ ಒಲೆಯ ಗುಣ ಎಂದು ತೀರ್ಮಾನ ಮಾಡಿಕೊಂಡಿದ್ದಳು. ವಾರಗಿತ್ತಿಯ ಗುಣ ಎಂದುಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ಈ ವರ್ಷ ಡಾಕ್ಟರು ಸೆಯಾದನಿಗೆ ಇನ್ನು ಕೊಡಲಿ ಮುಟ್ಟಕೂಡದು ಎಂದರು. ಮರದ ಹೊಟ್ಟಿನ ಗುಳಿಗೆ ಹಾಕಿ ಉರಿಸುವ ಕರೆಂಟಿನ ಒಲೆ ಬಂತು. ಹಳೆಯದನ್ನು ಗುಜರಿಯವನಿಗೆ ಹೇಳಿದ್ದೇವೆ ಎಂದು ಹಸ್ನಿಯಾ ಕಿಟಕಿಯಿಂದ ಹೇಳಿದ್ದೇ ತಡ, ಜುಮ್ರೆತಾ ಅಂಗಳ ದಾಟಿ ಬಂದು ನಿಂತಿದ್ದಳು.

“ನಾನು ತಗೋತೀನಿ.”

“ನಿನ್ನ ಒಲೆ ಫಳಫಳ ಅಂತಿದೆಯಲ್ಲೇ. ಈ ಮುದುಕಿ ಯಾಕೆ ನಿಂಗೆ?” ಹಸ್ನಿಯಾ ನಕ್ಕಿದ್ದಳು. “ಬೇಕಾದ್ರೆ ಹಾಗೇ ಹೊತ್ಕೊಂಡು ಹೋಗು.”

“ಹಾಗೇ ಬೇಡಕ್ಕ. ದುಡ್ಡು ಕೊಟ್ಟೇ ತಗೋತೀನಿ.”

ಬಿಟ್ಟಿ ತಂದರೆ ಅದು ಎಂದೆಂದಿಗೂ ಹಸ್ನಿಯಾಳ ಒಲೆಯಾಗಿಯೇ ಉಳಿಯುತ್ತಿತ್ತು. ಜುಮ್ರೆತಾ ಮಾರ್ಕು ನೋಟುಗಳನ್ನು ಮೇಜಿನ ಮೇಲಿಟ್ಟು, ತಿರುಗಿ ನೋಡದೆ ಬಂದಿದ್ದಳು. ಗುಜರಿಯವನು ಬರಿಗೈಯಲ್ಲಿ ಹೋಗಬಾರದೆಂದು ಅವಳದೇ ಫಳಫಳ ಒಲೆಯನ್ನು ಲಾರಿಗೆ ಹಾಕಿ ಕಳಿಸಿದ್ದರು.

ಈಗ ಒಲೆ ಅಡುಗೆಮನೆಯ ಮೂಲೆಗೆ ಬಂದು ಕುಳಿತಿತು. ನೆರೆಯವರು ಹೋದರು. ರಾಸಿಮ್ ಹೊಗೆ ಕೊಳವೆ ಕೈಗೆತ್ತಿಕೊಂಡು ಒಲೆಯ ಹಿಂದೆ ಬಗ್ಗಿದವನು, ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಎದ್ದು ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತ.

“ಇದು ಬಲದ ಒಲೆ ಕಣೇ,” ಎಂದ.

ಕಬ್ಬಿಣದ ಒಲೆಗಳಲ್ಲಿ ಎಡದ್ದು, ಬಲದ್ದು ಎಂದು ಎರಡು ಬಗೆ. ಮನೆಯ ಚಿಮಣಿ ಯಾವ ಪಕ್ಕಕ್ಕಿದೆಯೋ ಒಲೆಯ ಹೊಗೆಕಿಂಡಿಯೂ ಆ ಪಕ್ಕಕ್ಕೇ ಇರಬೇಕು. ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಆಚೆ ಮನೆಯಲ್ಲಿ ಚಿಮಣಿ ಬಲಕ್ಕೆ. ಕನ್ನಡಿಯಂತೆ ತಿರುಗಿಸಿ ಕಟ್ಟಿದ ಈಚೆ ಮನೆಯಲ್ಲಿ ಅದು ಎಡಕ್ಕೆ.

“ಇಷ್ಟು ವರ್ಷ ನೋಡಿದ್ದೀಯ. ಇದೊಂದು ಕಾಣಲಿಲ್ವಾ ನಿಂಗೆ?”

“ನೀನು ದಿನಾ ಅದರ ಮುಂದೆನೇ ಕಾಲು ಚಾಚ್ಕೊಂಡು ಕೂತಿರ್ತಿದ್ದೆಯಲ್ಲ. ನಿಂಗೆ ಕಾಣಿಸ್ತಾ?”

ಜುಮ್ರೆತಾ ನೋಡಿದ್ದು ನಿಜ, ಆದರೆ ನೋಡಿದ್ದು ಕಂಬಿಯನ್ನು ಮಾತ್ರ. ಕೊನೆಗೆ ಅವನು ಪೇಟೆಗೆ ಹೋಗಿ ಮೊಣಕೈಯಂತೆ ಬಾಗಿದ ಇನ್ನೆರಡು ತುಂಡು, ಒಂದು ಉದ್ದದ ಕೊಳವೆ ತಂದು, ಬಲದಿಂದ ಎದ್ದ ಹೊಗೆಯನ್ನು ಗೋಡೆಗುಂಟ ಅಡ್ಡಡ್ಡ ನಡೆಸಿಕೊಂಡು ಹೋಗಿ ಎಡಕ್ಕೆ ಮುಟ್ಟಿಸಿದ. ಅಡುಗೆಮನೆಯ ತಲೆಯ ಮೇಲೆ ತಗಡಿನ ತೊಲೆ ಹಾಕಿದ ಹಾಗೆ ಕಾಣುತ್ತಿತ್ತು. ಅವನು ಕೊಳವೆ ಕೂಡಿಸುತ್ತಿದ್ದಷ್ಟು ಹೊತ್ತೂ ಜುಮ್ರೆತಾ ಉಪ್ಪುಕಾಗದ ಹಿಡಿದು ಹಾಸನ್ನು ತಿಕ್ಕಿದಳು. ಪಾಕದ ಕಲೆ ಹೋಯಿತು, ಹಾಲಿನ ಕಲೆ ಹೋಯಿತು. ಕಾಫಿ ಪಾತ್ರೆ ಕೂತು ಕೂತು ಬಿದ್ದಿದ್ದ ಒಂದು ಉಂಗುರ ಬಹಳ ಹಟ ಮಾಡಿತು. ತೋಳು ಸೋತರೂ ಅವಳು ಅದನ್ನು ಬಿಡಲಿಲ್ಲ.

ಮೊದಲ ಬೆಂಕಿಗೇ ಒಲೆ ಮನೆ ತುಂಬ ಹೊಗೆ ಕಾರಿತು. ಸೌದೆ ಹಾಕಲು ಹಾಸಿನ ನಡುವಿನ ಕಬ್ಬಿಣದ ಬಳೆಗಳನ್ನು ಎತ್ತುವ ಕೊಕ್ಕೆಯೂ ಸಿಗದೆ ಅವಳು ಚಾಕುವಿನ ತುದಿಯಲ್ಲಿ ಎಬ್ಬಿಸಿ ಕೈ ಸುಟ್ಟುಕೊಂಡಳು. ಆದರೂ ಮಾರನೆಯ ಸಂಜೆ ರಾಸಿಮ್ ಸಾಮಿಲ್ಲಿನಿಂದ ನೇರ ಮನೆಗೆ ಬಂದ. ಆಚೆ ಮನೆಯ ಹೊಸ ಒಲೆಗೆ ಕಂಬಿ ಇರಲಿಲ್ಲ. ಕಾಲುಚೀಲ ಕಳಚಿ ಕೈಯಲ್ಲಿ ಹಿಡಿದು, ಮಿನುಗುವ ಹಾಸನ್ನೂ ಹೆಂಡತಿಯನ್ನೂ ನೋಡುತ್ತ ನಿಂತ.

“ಇಲ್ಲೇ ಹಾಕ್ಲಾ?”

“ಇಲ್ಲಲ್ಲದೆ ಇನ್ನೆಲ್ಲಿ?” ಎಂದು ಅವಳೇ ಕಿತ್ತುಕೊಂಡು ಕಂಬಿಗೆ ಹಾಕಿದಳು. ಹಾಕಿ, ಆಚೆ ಮನೆಯ ಕಡೆಗಿದ್ದ ತಮ್ಮ ಕಿಟಕಿಯ ಪರದೆಯನ್ನು ಚೆನ್ನಾಗಿ ಸರಿಸಿದಳು. ಕಾಣುವವರಿಗೆ ಕಾಣಲಿ.

ಕಂಡವಳು ಮರುದಿನವೇ ಬಂದಳು. “ನಿಮ್ಮನೆ ಹೊಗೆ ನಮ್ಮನೆ ಕಿಟಕಿವರೆಗೂ ಬಂತು ಕಣೇ,” ಎನ್ನುತ್ತ ಒಳಗೆ ಬಂದ ಹಸ್ನಿಯಾ ಒಲೆಯ ಮುಂದೆ ಗಕ್ಕನೆ ನಿಂತಳು. ಹಾಸಿನ ಮೇಲೆ, ಆ ಉಂಗುರ ಇದ್ದ ಜಾಗದಲ್ಲಿ, ಬಿಸಿ ತಾಕದಷ್ಟು ಮೇಲಿಂದ ಬೆರಳಾಡಿಸಿದಳು. “ಇದು ನಂದೇನಾ?” ಎಂದಳು.

“ನಂದು,” ಎಂದಳು ಜುಮ್ರೆತಾ.

ಹಸ್ನಿಯಾ ಕೇಳಿಸಿಕೊಂಡಳೋ ಇಲ್ಲವೋ. ಅವಳ ಕೈ ಆಗಲೇ ಬೂದಿ ಪೆಟ್ಟಿಗೆಯನ್ನು ಎರಡು ಬೆರಳಿನಷ್ಟು ಹೊರಗೆಳೆದಿತ್ತು, ಮೊಣಕಾಲು ಕೆಳಬಾಗಿಲನ್ನು ಒತ್ತಿತ್ತು. ಹೊಗೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಕೊಳವೆಯ ದಾರಿ ಹಿಡಿಯಿತು. “ಇವಳಿಗೆ ಕೆಳಗಿಂದ ಗಾಳಿ ಬೇಕು. ಒದ್ದೆ ಬೀಚ್ ಮರದ ಕೊರಡು ಹಾಕಬೇಡ, ಮುನಿಸ್ಕೋತಾಳೆ. ಕೊಕ್ಕೆ ನಮ್ಮನೇಲೇ ಉಳಿದಿರಬೇಕು, ಹುಡುಕಿ ಕೊಡ್ತೀನಿ.”

ಅಂದಿನಿಂದ ಮಧ್ಯಾಹ್ನ ಕಳೆಯುತ್ತಲೇ ಹಸ್ನಿಯಾ ಹೆಣಿಗೆಯ ಬುಟ್ಟಿ ಹಿಡಿದು ಬರತೊಡಗಿದಳು. “ನಮ್ಮನೇದು ಬೆಚ್ಚಗೇನೋ ಇಡತ್ತೆ. ಆದ್ರೆ ಗುರ್ರ್ ಅಂತಿರತ್ತೆ ಕಣೇ, ಆಸ್ಪತ್ರೇಲಿ ಕೂತಹಾಗೆ. ಸೆಯಾದ್ ಅದರ ಪಕ್ಕ ನಿದ್ದೆ ಹೊಡೀತಾನೆ, ನಾನು ಅದರ ಮುಖ ನೋಡ್ಕೊಂಡು ಏನು ಮಾಡ್ಲಿ?” ರಾಸಿಮ್ ಬರುವ ಹೊತ್ತಿಗೆ ಅವಳು ಒಲೆಯ ಪಕ್ಕದ ಬೆಂಚಿನಲ್ಲಿ, ಮನೆಯ ಯಜಮಾನಿಯ ಹಾಗೆ ಕೂತಿರುತ್ತಿದ್ದಳು. ಅವನು ಕಾಲುಚೀಲ ನೇತುಹಾಕಿ ಕಾಲು ಚಾಚುತ್ತಿದ್ದ. ಅತ್ತಿಗೆಯ ತಮಾಷೆ, ಮೈದುನನ ನಗು. ಹಿಂದೆ ಇದನ್ನೆಲ್ಲ ಜುಮ್ರೆತಾ ಎರಡು ಕಿಟಕಿಗಳ ಗಾಜಿನಾಚೆ ನೋಡುತ್ತಿದ್ದಳು. ಈಗ ದುಡ್ಡು ಕೊಟ್ಟು ಮನೆಯೊಳಗೇ ತಂದಿಟ್ಟುಕೊಂಡಿದ್ದಳು.

ಒಂದು ಸಂಜೆ ರೊಟ್ಟಿ ಎಂದೂ ಇಲ್ಲದ ಹಾಗೆ ಉಬ್ಬಿ ಬಂತು. ಹಿಟ್ಟು ನಾದಿದವಳು ಜುಮ್ರೆತಾ, ಒಳಗಿಟ್ಟವಳು ಜುಮ್ರೆತಾ, ತೆಗೆದವಳೂ ಜುಮ್ರೆತಾ. ಹಸ್ನಿಯಾ ಕೂತಲ್ಲಿಂದಲೇ “ಈಗ ತಿರುಗಿಸು” ಎಂದಿದ್ದಳು, ಅಷ್ಟೇ. ರಾಸಿಮ್ ಬಿಸಿ ರೊಟ್ಟಿ ಮುರಿದು, ಕೆನೆ ಸವರಿ ಬಾಯಿಗಿಟ್ಟು ಕಣ್ಣು ಮುಚ್ಚಿದ.

“ಇದು ನೋಡು ರೊಟ್ಟಿ ಅಂದ್ರೆ. ಅತ್ತಿಗೆ, ನಿಮ್ಮ ಕೈ ಸೋಕಿದ ಮೇಲೇ ಒಲೆ ದಾರಿಗೆ ಬಂತು.”

ಜುಮ್ರೆತಾ ತಾಮ್ರದ ಕಾಫಿ ಪಾತ್ರೆಯನ್ನು ತೊಳೆದು ಮತ್ತೆ ಒಲೆಗಿಟ್ಟಳು. ನಮ್ಮಲ್ಲಿ ಮೊದಲ ಕಾಫಿ ಬಂದವರ ಬಾಯಾರಿಕೆಗೆ, ಎರಡನೆಯದು ಮಾತಿಗೆ. ಆ ಎರಡೂ ಆಗಿದ್ದವು. ಮೂರನೆಯದನ್ನು ಮುಂದೆ ತಂದಿಟ್ಟರೆ, ಇನ್ನು ಏಳಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ. ಹುಟ್ಟಾ ಶತ್ರುವಿಗೂ ಜನ ಅದನ್ನು ಕೊಡಲು ಹಿಂಜರಿಯುತ್ತಾರೆ. ಅವಳು ಕೊಟ್ಟಳು.

ಹಸ್ನಿಯಾ ಬಟ್ಟಲನ್ನು ನೋಡಿದಳು, ಆಮೇಲೆ ವಾರಗಿತ್ತಿಯನ್ನು. ಹೆಣಿಗೆಯ ಕಡ್ಡಿಗಳನ್ನು ಉಂಡೆಗೆ ಚುಚ್ಚಿ ಬುಟ್ಟಿಯಲ್ಲಿಟ್ಟಳು. ಕಾಫಿಯನ್ನು ನಿಧಾನವಾಗಿ, ಗಸಿ ಕಾಣುವವರೆಗೆ ಕುಡಿದಳು.

“ಚೆನ್ನಾಗಿತ್ತು,” ಎಂದಳು. “ಬರ್ತೀನಿ, ಸೆಯಾದ್ ಎದ್ದಿರ್ತಾನೆ.”

ಬಾಗಿಲು ಮುಚ್ಚಿದ ಮೇಲೆ ರಾಸಿಮ್ ಅರ್ಧ ತಿಂದ ರೊಟ್ಟಿಯನ್ನು ತಟ್ಟೆಗಿಟ್ಟ. “ಏನು ಮಾಡಿದೆ ನೀನು?”

“ಕಾಫಿ ಕೊಟ್ಟೆ.”

ಹಸ್ನಿಯಾ ಮತ್ತೆ ಬರಲಿಲ್ಲ. ಆಚೆ ಕಿಟಕಿಯ ಪರದೆ ಮುಚ್ಚಿಕೊಂಡಿತು. ಗಂಡ ಸಂಜೆ ನೇರ ಮನೆಗೆ ಬರುತ್ತಿದ್ದ, ಕಾಲುಚೀಲ ಅವಳ ಕಂಬಿಯಲ್ಲೇ ಒಣಗುತ್ತಿತ್ತು, ಅಡುಗೆಮನೆಯಲ್ಲಿ ಬೇರೆ ಹೆಣ್ಣಿನ ಸದ್ದಿರಲಿಲ್ಲ. ಜುಮ್ರೆತಾ ಬಯಸಿದ್ದೆಲ್ಲ ಕೈಗೆ ಬಂದಿತ್ತು. ರಾಸಿಮ್ ಮಾತ್ರ ಒಲೆಯ ಮುಂದೆ ಬಸ್ಸಿಗೆ ಕಾಯುವವನ ಹಾಗೆ ಕೂತು, ಊಟ ಮಾಡಿ, ಮಲಗಲು ಹೋಗುತ್ತಿದ್ದ. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

“ಅವಳಿಲ್ಲ ಅಂತ ಬಾಯೇ ಬಿದ್ದುಹೋಯ್ತಾ? ಅಲ್ಲಿ ಅಷ್ಟು ನಗ್ತಿದ್ದೆ. ಮನೇಗೆ ಬರೋ ಮುಂಚೆ ಅಲ್ಲಿ ಹೋಗಿ ಕೂರೋ ಅಂಥದ್ದು ಏನಿತ್ತು, ಇವತ್ತಾದ್ರೂ ಹೇಳು.”

ರಾಸಿಮ್ ಅವಳನ್ನು ನಿಜವಾಗಿ ಆಶ್ಚರ್ಯದಿಂದ ನೋಡಿದ. “ನೀನೇ ಕಳಿಸಿದ್ದಲ್ವಾ?”

“ನಾನಾ?”

“ಮದುವೆ ಆದ ಹೊಸದರಲ್ಲಿ. ಕಾಲುಚೀಲದ ನೀರು ತೊಟ್ಟಿಕ್ಕಿ ಹಾಸಿನ ಮೇಲೆ ತುಕ್ಕು ಕಲೆ ಬಿತ್ತು ಅಂತ ಅಳ್ತಾ ಕೂತಿದ್ದೆ. ಎಲ್ಲಾದ್ರೂ ಹೋಗಿ ಒಣಗಿಸ್ಕೊಂಡು ಬಾ, ನನ್ನ ಒಲೆ ಮೇಲೆ ಮಾತ್ರ ಬೇಡ ಅಂದೆ.” ಅವನು ಕಾಲನ್ನು ಹಿಂದಕ್ಕೆಳೆದುಕೊಂಡ. “ಒಣಗಿಸ್ಕೊಂಡು ಬರ್ತಿದ್ದೆ.”

ಅವನ ದನಿಯಲ್ಲಿ ದೂರು ಇರಲಿಲ್ಲ. ಆ ಮಾತು ಅವಳಿಗೆ ನೆನಪೂ ಇರಲಿಲ್ಲ. ಆಮೇಲೆ, ಪಾತ್ರೆ ತೊಳೆಯುವಾಗ, ನೆನಪಾಯಿತು. ಅಳುತ್ತಿದ್ದದ್ದು, ಅವನು ಬರಿಗಾಲಲ್ಲಿ ಅಂಗಳಕ್ಕಿಳಿದದ್ದು, ಎಲ್ಲವೂ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರನ್ನು ಹರಿಯಬಿಟ್ಟಳು.

ಆ ವಾರವೇ ಮೊದಲ ಹಿಮ ಬಿತ್ತು. ಭಾನುವಾರ ರಾಸಿಮ್ ಮಾಡಿನ ಹಿಮ ಕೆಳಗೆಳೆದು, ಒದ್ದೆ ಕಾಲುಚೀಲ ಬದಲಿಸಿ, ಹಿತ್ತಿಲಿಗೆ ಸೌದೆ ಸೀಳಲು ಹೋಗಿದ್ದ. ಬಾಗಿಲು ಬಡಿದ ಸದ್ದಾಯಿತು. ಹಸ್ನಿಯಾ ಮೆಟ್ಟಿಲ ಮೇಲೆ ನಿಂತಿದ್ದಳು, ಕಾಲಲ್ಲಿ ಹಿಮ ತುಂಬಿದ ಮನೆಚಪ್ಪಲಿ. ಕೈಯಲ್ಲಿ ಒಲೆಯ ಕೊಕ್ಕೆ.

“ಮೂಲೇಲಿ ಸಿಕ್ತು. ದುಡ್ಡು ಕೊಟ್ಟಿದ್ದೀಯ, ಇದೂ ನಿಂದೇ.” ಕೊಕ್ಕೆಯನ್ನು ಹೊಸ್ತಿಲಾಚೆಯಿಂದಲೇ ಚಾಚಿದಳು. ಹಿಡಿಯ ಮರ ಅವಳ ಬೆರಳಿಗೆ ತಕ್ಕ ಹಾಗೆ ಸವೆದಿತ್ತು.

ಜುಮ್ರೆತಾ ಕೊಕ್ಕೆಯ ಜೊತೆಗೆ ಮಣಿಕಟ್ಟನ್ನೂ ಹಿಡಿದುಕೊಂಡಳು. “ಕಾಲು ನೋಡಕ್ಕ ಹೇಗಾಗಿದೆ. ಒಳಗೆ ಬಾ.”

“ಇಲ್ಲ ಕಣೇ, ಒದ್ದೆ.”

“ಅದಕ್ಕೇ ಬಾ ಅಂದಿದ್ದು. ಕಾಲುಚೀಲ ಬಿಚ್ಚಿ ಕೊಡು.”

ಹಸ್ನಿಯಾ ಬೆಂಚಿನ ತುದಿಯಲ್ಲಿ, ಈಗಲೇ ಏಳುವವಳಂತೆ ಕುಳಿತಳು. ಜುಮ್ರೆತಾ ಕಾಫಿ ಕೊಟ್ಟಳು. ಹಿಮದ ಮಾತು, ಸೆಯಾದನ ಸೊಂಟದ ಮಾತು ಆಯಿತು. ಎರಡನೆಯ ಕಾಫಿಯೂ ಆಯಿತು. ಹಿತ್ತಿಲಿನಿಂದ ಕೊಡಲಿಯ ಸದ್ದು ಬರುತ್ತಿತ್ತು. ಹಸ್ನಿಯಾಳ ಕಣ್ಣು ತಾಮ್ರದ ಪಾತ್ರೆಯ ಮೇಲೆಯೇ ಇತ್ತು. ಜುಮ್ರೆತಾ ಎದ್ದು ಅದನ್ನು ತೊಳೆದಳು, ಒರೆಸಿದಳು, ಕಪಾಟಿನಲ್ಲಿ ಬೋರಲು ಹಾಕಿದಳು. ಕೊಕ್ಕೆಯಿಂದ ಬಳೆ ಎತ್ತಿ, ಒಣಗಿದ ದೊಡ್ಡ ಕೊರಡೊಂದನ್ನು ಆರಿಸಿ ಒಲೆಗೆ ಹಾಕಿದಳು.

ಕಂಬಿಯ ಮೇಲೆ ರಾಸಿಮನ ಬೂದು ಕಾಲುಚೀಲ ಒಂದು ತುದಿಗಿತ್ತು. ಹಸ್ನಿಯಾಳ ಕೆಂಪು ಕಾಲುಚೀಲವನ್ನು ಅವಳು ಹಿಂಡಿ, ಕಂಬಿಯ ಅಳತೆ ನೋಡಿ, ಇನ್ನೊಂದು ತುದಿಗೆ, ಅದಕ್ಕಿಂತ ದೂರ ಹಾಕಲು ಜಾಗವೇ ಇಲ್ಲದಲ್ಲಿ ಹಾಕಿದಳು. ಅದರ ನೀರು ತೊಟ್ಟಿಕ್ಕಿ, ಹೊಳೆಯುವ ಹಾಸಿನ ಮೇಲೆ ಚುಸ್ ಎಂದು ಆರಿ, ಒಂದು ಸಣ್ಣ ಕಂದು ಕಲೆ ಮೂಡಿತು. ಉಪ್ಪುಕಾಗದ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಜುಮ್ರೆತಾ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಮುಂದಿನ ಹನಿ ಬೀಳುವುದನ್ನು ನೋಡುತ್ತ ಕುಳಿತಳು.