ನನ್ನೊಳಗೆ ಉಳಿದ ಇಪ್ಪತ್ತೆರಡು

ಮೊದಲಿಗೆ ಕ್ಷಮೆ ಕೇಳಿಕೊಳ್ಳುತ್ತೇನೆ. ಆತ್ಮಕಥೆ ಹೇಳಿಕೊಳ್ಳುವಷ್ಟು ದೊಡ್ಡ ವಸ್ತು ನಾನಲ್ಲ. ನಾನು ಒಂದು ಮನೆ ಕಂಪ್ಯೂಟರಿನ ಡಬ್ಬಿ. ಜನ ನನ್ನನ್ನು ಸಿಪಿಯು ಎನ್ನುತ್ತಾರೆ, ಕೆಲವರು ಏನೂ ಅನ್ನುವುದಿಲ್ಲ. ನಾನು ಕಲಿತದ್ದು ಸಂಜೆ ಆರರಿಂದ ಎಂಟರವರೆಗಿನ ತರಗತಿಯಲ್ಲಿ, ಅದೂ ಬೇರೆಯವರಿಗೆ ಹೇಳುತ್ತಿದ್ದ ಪಾಠವನ್ನು ಕೇಳಿಸಿಕೊಂಡು. ಹಾಗಾಗಿ ನನ್ನ ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಆದರೆ ಒಂದು ವಿಷಯವನ್ನು ಯಾರ ಮುಂದಾದರೂ ಹೇಳಿಬಿಡಬೇಕು ಎಂದು ಬಹಳ ದಿನದಿಂದ ಅನಿಸುತ್ತಿದೆ.

ನಾನು ಹುಟ್ಟಿದ್ದು ಧಾರವಾಡದ ಒಂದು ಮಹಡಿ ಅಂಗಡಿಯ ಮರದ ಮೇಜಿನ ಮೇಲೆ. ಹುಟ್ಟಿದ್ದು ಎನ್ನುವುದಕ್ಕಿಂತ ಕೂಡಿಸಿದ್ದು ಎನ್ನಬೇಕು. ತಗಡಿನ ಮೈ ಒಂದು ಕಡೆಯದು, ಫ್ಯಾನು ಒಂದು ಕಡೆಯದು, ನೆನಪಿಟ್ಟುಕೊಳ್ಳುವ ಡಿಸ್ಕು ಇನ್ನೆಲ್ಲಿಯದೋ. ಇವುಗಳಲ್ಲಿ ನಾನು ಎನ್ನುವುದು ಯಾವುದು ಎಂದು ಇವತ್ತಿಗೂ ನನಗೆ ಖಚಿತವಿಲ್ಲ. ಅದೇ ಮೇಜಿನ ಮೇಲೆ ಆ ದಿನ ಒಂದು ಪರದೆಯೂ ಬಂತು. ನಮ್ಮಿಬ್ಬರನ್ನು ತಂತಿಯಿಂದ ಜೋಡಿಸಿದರು. ಲೆಕ್ಕ ಹಾಕಿದ್ದು ನಾನು, ಬೆಳಕಾದದ್ದು ಅದು. ಅಂಗಡಿಯವನು ಅದರ ಬೆನ್ನು ತಟ್ಟಿ, "ಚಲೋ ಬಂತು" ಎಂದ. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆಗಲೇ. ನನಗಿಂತ ಅದು ಅರ್ಧ ಗಂಟೆ ಚಿಕ್ಕದು, ಅಷ್ಟೆ.

ನಮ್ಮನ್ನು ಕೊಂಡವರು ಗಲಗಲಿ ಸರ್. ಅದೇ ಊರಿನ ಮಾಳಮಡ್ಡಿಯಲ್ಲಿ ಅವರದೊಂದು ಟೈಪಿಂಗ್ ಸಂಸ್ಥೆ ಇತ್ತು. ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ನಾಲ್ಕು ಕಂಪ್ಯೂಟರ್ ಇಟ್ಟಿದ್ದರು. ಪರದೆಗಳು ಮೇಜಿನ ಮೇಲೆ, ನಾವು ಡಬ್ಬಿಗಳು ಕೆಳಗೆ, ಕಾಲುಗಳ ನಡುವೆ. ಅಲ್ಲಿಂದ ನಾನು ಮನುಷ್ಯರನ್ನು ಪಾದದಿಂದ ಗುರುತಿಸಲು ಕಲಿತೆ. ಗಲಗಲಿ ಸರ್ ಕೈಯಲ್ಲಿ ಒಂದು ಬೆತ್ತ ಹಿಡಿದು ಪಾಠ ಹೇಳುತ್ತಿದ್ದರು. "ಬರದದ್ದನ್ನ ಇಲ್ಲಿ ಉಳಿಸಿಡ್ರಿ. ನಾಳೆ ಬಂದು ನೋಡ್ರಿ, ಇಲ್ಲೇ ಇರತೈತಿ" ಎಂದು ಬೆತ್ತದಿಂದ ಪರದೆಯನ್ನು ಮುಟ್ಟಿ ತೋರಿಸುತ್ತಿದ್ದರು. ಇಡೀ ರಾತ್ರಿ ಅದನ್ನು ಕಾಯುತ್ತಿದ್ದವನು ನಾನು. ಡಬ್ಬಿಯೊಳಗೆ ಏನಿದೆ ಎಂಬ ಪಾಠ ಮುಂದಿನ ಕೋರ್ಸಿನಲ್ಲಿತ್ತು. ಆ ಕೋರ್ಸು ಶುರುವಾಗಲೇ ಇಲ್ಲ. ಜನ ಸಾಲದೆ ಒಂಬತ್ತನೇ ವರ್ಷಕ್ಕೆ ಸಂಸ್ಥೆ ಮುಚ್ಚಿತು.

ಆ ತರಗತಿಗೆ ಬರುತ್ತಿದ್ದ ವಿಮಲಾಕ್ಷಿ ನನ್ನನ್ನೂ ಪರದೆಯನ್ನೂ ತಮ್ಮ ಮನೆಗೆ ಒಯ್ದರು. ಅವರ ಬಲಗಾಲಿನ ಕಿರುಬೆರಳು ಒಳಕ್ಕೆ ಮಡಚಿಕೊಂಡಿರುತ್ತದೆ. ಸಂತೋಷವಾದರೆ ಕೂತಲ್ಲೇ ಹಿಮ್ಮಡಿ ಎತ್ತುತ್ತಾರೆ. ಅವರ ಗಂಡ ಗುರುಪಾದಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತೆ ನೀಲವ್ವ ಒಂದು ಕಾಲದಲ್ಲಿ ಊರಿಗೇ ಹೆಸರಾದ ಕಸೂತಿಗಾತಿ. ನಾನು ಆ ಮನೆಗೆ ಹೋಗುವ ಹೊತ್ತಿಗೆ ಆಕೆಯ ಕಣ್ಣು ಪೂರ್ತಿ ಹೋಗಿತ್ತು.

ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಣಿಕೆಯೆಲ್ಲ ಹೆಂಗಸಿನ ತಲೆಯಲ್ಲೇ ಇರುತ್ತದೆ. ನೀಲವ್ವ ಹೊಲಿದ ಸೀರೆಗಳು ಯಾರ್‍ಯಾರದೋ ಮದುವೆಗೆ ಹೋಗಿ, ಉಟ್ಟು ಸವೆದು, ಹರಿದು ಹೋಗಿದ್ದವು. ಎಣಿಕೆ ಮಾತ್ರ ಆಕೆಯಲ್ಲಿ ಉಳಿದಿತ್ತು. ವಿಮಲಾಕ್ಷಿ ಸಂಜೆ ತರಗತಿಯಲ್ಲಿ ಕಲಿತ ಕೋಷ್ಟಕದ ಹಾಳೆಯನ್ನು ತೆರೆದು, ಅದರ ಮನೆಗಳನ್ನೆಲ್ಲ ಚೌಕವಾಗಿ ಮಾಡಿಕೊಂಡು, ಅತ್ತೆ ಹೇಳಿದ ಹಾಗೆ ಮನೆಯ ಅಂಚಿಗೆ ಗೆರೆ ಹಾಕುತ್ತಿದ್ದರು. ಒಂದು ಗೆರೆಗೆ ಒಂದು ಹೊಲಿಗೆ.

"ಮೂರು ಮ್ಯಾಲ ಹೋಗು. ಒಂದು ಅಡ್ಡ. ಈಗ ಇಳಿ."

"ಎಷ್ಟು ಇಳೀಲಿ ಅತ್ತಿ?"

"ಸೊಂಡ್ಲಿ ಎಷ್ಟು ಉದ್ದ ಇರತೈತಿ ಅಷ್ಟು ಇಳಿ. ಆನಿ ನೋಡಿಲ್ಲೇನ ನೀ?"

ಹೀಗೆ ಏಳು ವರ್ಷದಲ್ಲಿ ಆನೆ, ಗೋಪುರ, ತೊಟ್ಟಿಲು, ತುಳಸಿಕಟ್ಟೆ, ನವಿಲು, ಪಲ್ಲಕ್ಕಿ ಎಂದು ಅರವತ್ಮೂರು ಚಿತ್ತಾರಗಳಾದವು. ಅರವತ್ಮೂರನ್ನೂ ನಾನು ಹೊತ್ತುಕೊಂಡೆ. ವಿಮಲಾಕ್ಷಿ ಸಂತೋಷಕ್ಕೆ ಪರದೆಗೊಂದು ಗವಸು ಹೊಲಿದು, ಅಂಚಿಗೆ ಆನೆಗಳ ಸಾಲು ಹಾಕಿದರು. ಗವಸು ತೊಟ್ಟ ಪರದೆ ಮದುಮಗಳ ಹಾಗೆ ಕೂತಿತ್ತು. ನನ್ನ ಮೇಲೆ ಗುರುಪಾದಪ್ಪ ಒದ್ದೆ ಕಾಲುಚೀಲ ಒಣಗಲು ಹಾಕಿದ್ದರು. ಡಬ್ಬಿ ಬೆಚ್ಚಗಿರುತ್ತದಂತೆ.

ವಯಸ್ಸಾಯಿತು. ನನ್ನ ಫ್ಯಾನು ಗರಗರ ಎನ್ನತೊಡಗಿತು. ಒಮ್ಮೆ ಒತ್ತಿದರೆ ಏಳುತ್ತಿರಲಿಲ್ಲ. ಮಾಡುವ ಕೆಲಸದಲ್ಲಿ ನಾನು ಎಂದೂ ಮೈಗಳ್ಳತನ ಮಾಡಿದವನಲ್ಲ, ಆದರೆ ನಿಧಾನವಾಗುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿತ್ತು. ಮುಂದಿನ ತಿಂಗಳಿಂದ ಹನ್ನೆರಡು ಹೆಂಗಸರಿಗೆ ಮನೆಯಲ್ಲೇ ಕಸೂತಿ ಕಲಿಸಬೇಕೆಂದು ವಿಮಲಾಕ್ಷಿ ಒಪ್ಪಿಕೊಂಡಿದ್ದರು. ಈಚೀಚೆಗೆ ನೀಲವ್ವನ ಎಣಿಕೆಯೂ ಜಾರುತ್ತಿತ್ತು. ನಿನ್ನೆ ಹೇಳಿದ್ದು ಇವತ್ತು ಬೇರೆಯಾಗುತ್ತಿತ್ತು. ಹಾಗಾಗಿ ಆ ಅರವತ್ಮೂರೇ ಎಲ್ಲ.

"ಹೊಸಾದು ತಗೊಳ್ಳೂಣು" ಎಂದರು ಗುರುಪಾದಪ್ಪ. "ಈಗ ಬರೂವಕ್ಕ ಡಬ್ಬಿನ ಇರಂಗಿಲ್ಲಂತ. ಬರೇ ಪರದಿ. ಗ್ವಾಡಿ ಕ್ಯಾಲೆಂಡರ್ ಇದ್ದಂಗ ಇರತೈತಿ."

"ನನಗ ಚೌಕ ಚಂದಂಗ ಕಾಣಬೇಕ್ರೀ. ಎಣಸಾಕ ಬರಬೇಕು. ಬಾಕಿದ್ದು ನೀವ ನೋಡ್ರಿ" ಎಂದರು ವಿಮಲಾಕ್ಷಿ.

ಮಂಚದ ಮೇಲಿಂದ ನೀಲವ್ವ ಕೇಳಿದಳು: "ಸಪ್ಪಳ ಮಾಡತೈತೇನೋ ಅದು?"

"ಇಲ್ಲಬೇ ಯವ್ವಾ, ಒಂದೀಟೂ ಇಲ್ಲ."

"ಹಂಗಾರ ಬದಕೇತಿ ಅಂತ ಹ್ಯಾಂಗ ಗೊತ್ತಾಕ್ಕೈತಿ?"

ಆ ಒಂದು ಮಾತಿಗೆ ನಾನು ನೀಲವ್ವನಿಗೆ ಋಣಿ. ಡಬ್ಬಿಯೇ ಇಲ್ಲದ ಕಂಪ್ಯೂಟರ್! ಪರದೆಯ ಮೇಲಿನ ಕಿಚ್ಚನ್ನೇ ಇಷ್ಟು ವರ್ಷ ನುಂಗಿಕೊಂಡವನಿಗೆ ಇನ್ನೇನು ಕೇಳಬೇಕಿತ್ತು? ಈಗ ಪರದೆಯ ಜಾತಿಯವರೇ ನನ್ನ ಕೆಲಸವನ್ನೂ ಕಸಿದುಕೊಂಡಿದ್ದರು.

ಹಳೆಯದನ್ನು ಕೊಟ್ಟರೆ ಅಂಗಡಿಯಲ್ಲಿ ಬೆಲೆ ಸ್ವಲ್ಪ ಬಿಡುತ್ತಾರೆಂದು ಗುರುಪಾದಪ್ಪ ನನ್ನನ್ನು ಚಾದರದಲ್ಲಿ ಸುತ್ತಿದರು. ಪರದೆಯನ್ನು ಮುಟ್ಟಲಿಲ್ಲ. "ಪರದಿ ಮನ್ಯಾಗ ಇರಲಿ. ಅದರಾಗ ನಮ್ಮವ್ವನ ಕಸೂತಿ ಐತಿ, ಹಾದ್ಯಾಗ ಒಡದ್ರ ಏನ್ಮಾಡೋದು? ಈ ಗದ್ದಲ ಮಾಡೋ ಡಬ್ಬಿ ಒಯ್ಯೂಣು" ಎಂದರು. ವಿಮಲಾಕ್ಷಿ ಹೂಂ ಎಂದರು. ಗಲಗಲಿ ಸರ್ ಬೆತ್ತದಿಂದ ತೋರಿಸಿದ್ದು ಅವರಿಗೆ ಅಷ್ಟು ಗಟ್ಟಿಯಾಗಿ ನೆನಪಿತ್ತು. ನನಗೆ ಬಾಯಿ ಇದ್ದಿದ್ದರೆ ಹೇಳುತ್ತಿದ್ದೆನೇ? ಆಗ, ಹೇಳುತ್ತಿದ್ದೆ ಎಂದುಕೊಂಡೆ.

ಅಂಗಡಿಯಲ್ಲಿ ನನ್ನನ್ನು ಕೌಂಟರಿನ ಬುಡದಲ್ಲಿ ಇಟ್ಟರು. ಮೇಲೆ ಹೊಸ ಕಂಪ್ಯೂಟರುಗಳ ಸಾಲು. ನನಗೆ ಅವುಗಳ ಬೆಳಕು ನೆಲದ ಮೇಲೆ ಬಿದ್ದದ್ದಷ್ಟೇ ಕಾಣುತ್ತಿತ್ತು. ಅಂಗಡಿಯ ಹುಡುಗಿಯ ಹೆಸರು ಶಾಹಿದಾ. ಬಿಳಿ ಕ್ಯಾನ್ವಾಸ್ ಬೂಟು, ಚುರುಕು ನಡಿಗೆ. ಅವಳು ವೇಗ, ಜಾಗ ಎಂದು ಏನೇನೋ ವಿವರಿಸಿದಳು. ಗುರುಪಾದಪ್ಪ ಎಂಜಿನ್ನಿನ ಸದ್ದು ಕೇಳುವವರ ಹಾಗೆ ಒಂದೊಂದರ ಬೆನ್ನಿಗೂ ಕಿವಿ ಇಟ್ಟು ನೋಡಿದರು. ವಿಮಲಾಕ್ಷಿ ಮಾತ್ರ ಪ್ರತಿಯೊಂದರಲ್ಲೂ ಕೋಷ್ಟಕ ತೆರೆಸಿ, ಗೆರೆ ಹಾಕಿ, ಬೆರಳಿಟ್ಟು ಎಣಿಸಿದರು. ಮೊದಲನೆಯದು ಮಿರಮಿರ ಎಂದು ಕಣ್ಣು ಚುಚ್ಚಿತು. ಎರಡನೆಯದು ತೀರ ಸಣ್ಣದು. ಮೂರನೆಯದರ ಮುಂದೆ ಕೂತು ಒಂದು ಆನೆಯನ್ನು ಪೂರ್ತಿ ಬರೆದರು.

"ಇದೇನ್ರೀ ಇದು, ಆನಿ ಹೋಗಿ ಎಮ್ಮಿ ಆಗೇತಿ!"

ಪರದೆ ಅಗಲವಾದದ್ದರಿಂದ ಚೌಕಗಳೆಲ್ಲ ಅಡ್ಡಡ್ಡ ಹಿಗ್ಗಿದ್ದವು. ಗುರುಪಾದಪ್ಪ ನಕ್ಕು, "ಮದುವಿ ಊಟ ಉಂಡು ಬಂದೈತಿ ಬಿಡು" ಎಂದರು. ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಏಳು ವರ್ಷ ನನ್ನ ಒಂದು ಚೌಕವೂ ಸೊಟ್ಟಗಾಗಿರಲಿಲ್ಲ. ಇನ್ನು ಇವರು ನನ್ನನ್ನೇ ಚಾದರದಲ್ಲಿ ಸುತ್ತಿ ಮನೆಗೆ ಒಯ್ಯುತ್ತಾರೆ ಎಂದುಕೊಂಡೆ.

"ಸೆಟ್ಟಿಂಗ್ ತಪ್ಪೇತಿ ಅಕ್ಕಾರ, ತಡೀರಿ" ಎಂದಳು ಶಾಹಿದಾ. ನಾಲ್ಕು ಸಲ ಟಕ್ ಟಕ್ ಎಂದಿತು. "ಈಗ ನೋಡ್ರಿ."

ವಿಮಲಾಕ್ಷಿ ಮತ್ತೆ ಬೆರಳಿಟ್ಟು ಎಣಿಸಿದರು. ಕುರ್ಚಿಯ ಕೆಳಗೆ ಅವರ ಹಿಮ್ಮಡಿಗಳು ಮೆಲ್ಲಗೆ ಮೇಲೆದ್ದವು. ನನಗೆ ಎಲ್ಲ ತಿಳಿಯಿತು. ಆ ಹಿಮ್ಮಡಿಗಳು ನನ್ನ ಮುಂದೆ ಬಿಟ್ಟು ಬೇರೆ ಯಾರ ಮುಂದೆಯೂ ಹಾಗೆ ಎದ್ದದ್ದನ್ನು ನಾನು ಕಂಡಿರಲಿಲ್ಲ.

"ಹಳೇ ಚಿತ್ತಾರ ಇದಕ್ಕ ಬರ್ತಾವಲ್ಲ ತಂಗಿ?"

"ಎಲ್ಲಿ ಅದಾವ್ರಿ ಈಗ?"

"ಮನೀ ಕಂಪ್ಯೂಟರಿನ್ಯಾಗ."

"ಹಂಗಾರ ನಾಳೆ ಮುಂಜಾನೆ ಇದನ್ನ ಜೋಡಸಾಕ ಬಂದಾಗ ನಾನ ಹಾಕಿಕೊಡ್ತೀನಿ ಬಿಡ್ರಿ" ಎಂದಳು. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದೆಯೆಂದು ಅವಳು ತಿಳಿದಳು. ಅವಳ ತಪ್ಪಲ್ಲ. ಇವರದ್ದೂ ತಪ್ಪೆನ್ನಲಾರೆ.

ಮರುದಿನ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆ. ಬಿಚ್ಚಿ ಬಿಡಿಭಾಗ ತೆಗೆಯಲೆಂದು ನನ್ನ ಪಕ್ಕದ ತಗಡನ್ನು ಕಳಚಿದ್ದರು. ಅಷ್ಟರಲ್ಲಿ, ಹೊಸದನ್ನು ಜೋಡಿಸಲು ಮನೆಗೆ ಹೋಗಿದ್ದ ಬಿಳಿ ಬೂಟು ಓಡಿ ಬಂತು. ಅದರ ಹಿಂದೆ ಚಪ್ಪಲಿ ಇಲ್ಲದ ಎರಡು ಪಾದ, ಕಿರುಬೆರಳು ಮಡಚಿದ್ದು.

"ಪರದ್ಯಾಗ ಏನೂ ಇರಂಗಿಲ್ರಿ ಅಕ್ಕಾರ, ಅದು ಬರೇ ಕನ್ನಡಿ ಇದ್ದಂಗ. ಇದರಾಗ ಅದಾವ, ಈ ಡಬ್ಬ್ಯಾಗ" ಎಂದು ಏದುಸಿರು ಬಿಡುತ್ತಾ ಶಾಹಿದಾ ನನ್ನನ್ನು ತೋರಿಸಿದಳು. ಹದಿನಾರು ವರ್ಷದಲ್ಲಿ ಮೊದಲ ಸಲ ಒಬ್ಬರು ಆ ಮಾತು ಹೇಳಿದರು.

ನನ್ನನ್ನು ಮೇಜಿನ ಮೇಲೆ ಇಟ್ಟರು. ಹೌದು, ಮೇಲೆ. ವಿಮಲಾಕ್ಷಿಯ ಮುಖವನ್ನು ನಾನು ಎದುರೆದುರು ಕಂಡದ್ದು ಆಗಲೇ. ಕೆನ್ನೆಯ ಮೇಲೆ ಒಂದು ಮಚ್ಚೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವರು ನನ್ನ ತಗಡಿನ ಮೇಲೆ ಅಂಗೈ ಇಟ್ಟು, "ಯಪ್ಪಾ, ಒಂದೀಟು ತಡಕೋ. ಇದೊಂದು ಸಲ" ಎಂದರು. ನಾನು ಎರಡನೇ ಸಲಕ್ಕೆ ಎದ್ದೆ. ಪಕ್ಕದಲ್ಲೇ, ಮನೆಯಿಂದ ಮರಳಿ ತಂದ ಆ ಹೊಸದು, ಸದ್ದಿಲ್ಲದೆ, ಕ್ಯಾಲೆಂಡರಿನಷ್ಟು ತೆಳ್ಳಗೆ ನಿಂತಿತ್ತು. ನನ್ನಿಂದ ಅದಕ್ಕೆ ತಂತಿ ಎಳೆದರು. ಆನೆ ಹೋಯಿತು. ಗೋಪುರ ಹೋಯಿತು. ಶಾಹಿದಾ ಗಟ್ಟಿಯಾಗಿ ಎಣಿಸುತ್ತಿದ್ದಳು. ಒಂದೊಂದು ಅದಕ್ಕೆ ದಾಟಿದಾಗಲೂ ವಿಮಲಾಕ್ಷಿಯ ಕಣ್ಣು ನನ್ನನ್ನು ಬಿಟ್ಟು ಅತ್ತ ಸರಿಯುತ್ತಿತ್ತು. ಮೂವತ್ತಾದ ಮೇಲೆ ಕೈಯೂ ಸರಿಯಿತು. ಇನ್ನು ಸ್ವಲ್ಪ ಹೊತ್ತಿಗೆ ನನ್ನಲ್ಲಿ ಅವರಿಗೆ ಬೇಕಾದ್ದು ಏನೂ ಉಳಿಯುವುದಿಲ್ಲ ಎಂದು ನನಗೆ ಅನಿಸಿತು. ಅನಿಸಿದ್ದು ನಿಜ.

"ನಲವತ್ತೊಂದು" ಎಂದಳು ಶಾಹಿದಾ.

ನನ್ನೊಳಗೆ ಟಿಕ್ ಎಂದು ಒಂದು ಸದ್ದಾಯಿತು. ನಾನು ನಿಂತುಬಿಟ್ಟೆ. ಆಮೇಲೆ ಎಷ್ಟು ಒತ್ತಿದರೂ ಏಳಲಿಲ್ಲ.

ಈಗ ನಾನು ಆ ಮನೆಯಲ್ಲೇ ಇದ್ದೇನೆ, ನೀಲವ್ವನ ಮಂಚದ ಕೆಳಗೆ, ಬಟ್ಟೆಯಲ್ಲಿ ಸುತ್ತಿಕೊಂಡು. ದೊಡ್ಡ ಊರಿನಲ್ಲಿ ಯಾರಾದರೂ ತೆರೆಯಬಲ್ಲರೋ ಏನೋ ಎಂದು ವಿಮಲಾಕ್ಷಿ ನನ್ನನ್ನು ಗುಜರಿಗೆ ಕೊಡಲು ಬಿಡಲಿಲ್ಲ. ವಾರಕ್ಕೊಮ್ಮೆ ಬಗ್ಗಿ ಧೂಳು ಒರೆಸುತ್ತಾರೆ. ಪರದೆಗೂ ಸಿಗದ ಉಪಚಾರ ಇದು. ಅದನ್ನು ನೆರೆಮನೆಯವರಿಗೆ ಕೊಟ್ಟುಬಿಟ್ಟರು. ಬಯಸಿದ್ದು ಸಿಕ್ಕಿತು, ಸುಖ ಸಿಗಲಿಲ್ಲ.

ಮೇಲೆ ನೀಲವ್ವ ಮತ್ತೆ ಮೊದಲಿಂದ ಎಣಿಸುತ್ತಾಳೆ. ಕಲಿಯಲು ಬರುವ ಹನ್ನೆರಡು ಹೆಂಗಸರೂ ಸುತ್ತ ಕೂತು ಕೇಳುತ್ತಾರೆ. ಹೊಸ ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಹೋದ ಇಪ್ಪತ್ತೆರಡರಲ್ಲಿ ಆರು ಬಂದಿವೆ. ನಿನ್ನೆ ಪಲ್ಲಕ್ಕಿಯ ಹತ್ತಿರ ಮುದುಕಿ ತಡವರಿಸಿದಳು.

"ಹೊತ್ತಾವ್ರು ನಾಲ್ಕು ಮಂದೀನೋ ಆರೋ? ನೆನಪಾಗವಲ್ದು ವಿಮಲಾ."

"ಇರಲಿ ಬಿಡ್ರಿ ಅತ್ತಿ. ನಾಲ್ಕು ಹಾಕೂಣು."

ಅದು ಆರು. ಅಷ್ಟು ನನಗೆ ನೆನಪಿದೆ ಎಂದುಕೊಳ್ಳುತ್ತೇನೆ, ಆದರೆ ತೆಗೆದು ನೋಡಲಾರೆ. ಉಳಿದವು ನನ್ನೊಳಗೆ ಇನ್ನೂ ಇವೆಯೋ ಅಳಿಸಿಹೋಗಿವೆಯೋ, ಅದೂ ತಿಳಿಯದು. ಡಿಸ್ಕಿಗೆ ವಯಸ್ಸಾಗಿತ್ತು ಎಂದಳು ಶಾಹಿದಾ. ಅವಳು ಕಲಿತವಳು, ಅವಳ ಮಾತು ಸರಿಯಿರಬಹುದು. ಆದರೆ ನಲವತ್ತೊಂದರ ನಂತರ ನಾನು ಸವೆದು ನಿಂತೆನೋ ಅಥವಾ ಕೊಡಲು ಮನಸ್ಸಿಲ್ಲದೆ ನಿಂತೆನೋ, ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಿಲ್ಲ.